ಬದು ನಾಲ್ಕು, ಹೊಲ ಎಷ್ಟು?

ಯುಗಾದಿ ಹತ್ತಿರ ಬಂತೆಂದರೆ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಎರೆಹೊಲಗಳಲ್ಲಿ ಬೆಳೆ ಇರುವುದಿಲ್ಲ. ಕಟ್ಟೆಯ ಮೇಲೆ ಮಾತು ಇರುತ್ತದೆ. ಹತ್ತಿ ಬಿಡಿಸಿ ಆಗಿದೆ, ಮೆಣಸಿನಕಾಯಿ ಬ್ಯಾಡಗಿ ಪೇಟೆ ಸೇರಿದೆ, ಜೋಳ ಕಡಲೆ ಮನೆಗೆ ಬಂದಿವೆ. ನೆಲ ಬಾಯಿ ಬಿಟ್ಟು ಬಿರಿದಿದೆ. ಮುಂದಿನ ಮುಂಗಾರಿಗೆ ಯಾರ ಹೊಲ ಯಾರಿಗೆ ಲಾವಣಿ, ಎಕರೆಗೆ ಎಷ್ಟು ಎಂಬುದು ತೀರ್ಮಾನವಾಗುವ ಕಾಲ ಅದು.

ಕುಬಿಹಾಳದ ಸುತ್ತಿನ ಅಂಥದೊಂದು ಹೊಲವನ್ನು ಕಲ್ಪಿಸಿಕೊಳ್ಳಿ. ಅಣ್ಣತಮ್ಮಂದಿರ ಪಾಲಿನಲ್ಲಿ ಬಂದ ತುಂಡು. ಉತಾರದಲ್ಲಿ ಇಡೀ ಸರ್ವೆ ನಂಬರಿನ ಕ್ಷೇತ್ರ ಬರೆದಿದೆಯೇ ಹೊರತು ಈ ತುಂಡಿನದು ಬೇರೆ ಪೋಡಿ ಆಗಿಲ್ಲ. ಆದ್ದರಿಂದ ಹೊಲದ ಯಜಮಾನ ಹಾಗೂ ಲಾವಣಿಗೆ ಹಿಡಿಯುವ ಹುಡುಗ ಇಬ್ಬರೂ ಕೂಡಿ 33 ಅಡಿಯ ಹಗ್ಗ ಹಿಡಿದು ನಾಲ್ಕೂ ಬದು ಅಳೆದಿದ್ದಾರೆ. ಬಡಗಣ ಬದು 10 ಹಗ್ಗ, ಮೂಡಣ 17, ತೆಂಕಣ 20, ಪಡುವಣ 13. ಅಳತೆಯಲ್ಲಿ ಇಬ್ಬರದೂ ಒಂದೇ ಮಾತು. ಯಜಮಾನ ಊರಿನ ರೂಢಿಯ ಲೆಕ್ಕ ಹಾಕಿದ. ಎದುರುಬದುರು ಬದು ಕೂಡಿಸಿ ಅರ್ಧ ಮಾಡು: 10 ಮತ್ತು 20ರ ಅರ್ಧ 15, 17 ಮತ್ತು 13ರ ಅರ್ಧವೂ 15. ಹದಿನೈದ್ಹದಿನೈದ್ಲೆ 225 ಗುಂಟೆ, ಅಂದರೆ 5 ಎಕರೆ 25 ಗುಂಟೆ.

“ಕಾಕಾ, ಬಿತ್ತಿದ ಬೀಜದ ಲೆಕ್ಕ ನೋಡಿದ್ರ ಇದು ಐದೂವರಿ ಎಕರೇನೂ ಬರಂಗಿಲ್ರಿ” ಎಂದ ಹುಡುಗ.

“ಹಗ್ಗ ನೀನ ಹಿಡದೀಯಲ್ಲೋ ತಮ್ಮಾ. ಹಗ್ಗ ಸುಳ್ಳ ಹೇಳತೈತೇನು?”

ಹಗ್ಗ ಸುಳ್ಳು ಹೇಳಿರಲಿಲ್ಲ. ಗುಣಾಕಾರವೂ ತಪ್ಪಿರಲಿಲ್ಲ. ಆದರೂ ಆ ಹೊಲದಲ್ಲಿ ಇಲ್ಲದ 15 ಗುಂಟೆ ಲೆಕ್ಕದಲ್ಲಿ ಸೇರಿಕೊಂಡಿತ್ತು. ಅದು ಎಲ್ಲಿಂದ ಬಂತು ಎಂಬುದನ್ನು ತಿಳಿಯಬೇಕಾದರೆ ಎಂಟನೆಯ ಇಯತ್ತೆಯ ಹುಡುಗರು ಬಾಯಿಪಾಠ ಮಾಡಿ ಮರೆತುಬಿಡುವ ಒಂದು ಪಾಠಕ್ಕೆ ಹೋಗಬೇಕು. ಅದರ ಹೆಸರು ‘ಚತುರ್ಭುಜಗಳು’.

ಗುಂಟೆ ಎಂಬ ಚೌಕ

ಮೊದಲು ಗುಂಟೆಯ ಮಾತು. ಹೊಲ ಅಳೆಯುವ ಹಳೆಯ ಸರಪಳಿಯ ಉದ್ದ 33 ಅಡಿ. ಅದರಲ್ಲಿ 16 ಭಾಗ. ಒಂದೊಂದು ಭಾಗವೂ ಒಂದೊಂದು ಆಣೆ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇರುವ ಚೌಕವೇ ಗುಂಟೆ. 33ನ್ನು 33ರಿಂದ ಗುಣಿಸಿದರೆ 1,089 ಚದರ ಅಡಿ, ಇಲ್ಲವೇ 121 ಚದರ ಗಜ. ಇಂಥ 40 ಚೌಕ ಕೂಡಿದರೆ 43,560 ಚದರ ಅಡಿಯ ಒಂದು ಎಕರೆ. ಉತಾರದಲ್ಲಿ ಎಕರೆ, ಗುಂಟೆ, ಆಣೆ ಎಂದು ಮೂರು ಅಂಕಿ ಬರುವುದು ಇದರಿಂದಲೇ. ಸರಪಳಿಯಲ್ಲಿ ಅಳೆದು ಗುಣಿಸಿದರೆ ಉತ್ತರ ನೇರವಾಗಿ ಗುಂಟೆಯಲ್ಲೇ ಬರುವಂತೆ ಮಾಡಿದ ಏರ್ಪಾಡು ಇದು.

ಅಂದರೆ ‘ಈ ಹೊಲ ಎಷ್ಟು ಗುಂಟೆ?’ ಎಂದು ಕೇಳುವುದೂ ‘ಇದರಲ್ಲಿ ಒಂದು ಸರಪಳಿಯ ಚೌಕಗಳು ಎಷ್ಟು ಹಿಡಿಸುತ್ತವೆ?’ ಎಂದು ಕೇಳುವುದೂ ಒಂದೇ. ಹೊಲವೇ ಚೌಕವಾಗಿದ್ದರೆ, ಇಲ್ಲವೇ ಆಯತವಾಗಿದ್ದರೆ ಉದ್ದ ಅಗಲ ಗುಣಿಸಿದರೆ ಮುಗಿಯಿತು. ತೊಡಕು ಶುರುವಾಗುವುದು ಹೊಲ ಚೌಕದಂತೆ ಕಂಡು ಚೌಕ ಅಲ್ಲದಿದ್ದಾಗ.

ಚೌಕ ವಾಲಿದರೆ

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಜೋಳದ ದಂಟಿನ ನಾಲ್ಕು ಸಮ ತುಂಡು ತೆಗೆದುಕೊಂಡು ಮೂಲೆಗೊಂದು ಗುಂಡುಸೂಜಿ ಚುಚ್ಚಿ ಚೌಕ ಮಾಡಿ. ಒಂದು ಮೂಲೆಯನ್ನು ಬೆರಳಿನಿಂದ ತಳ್ಳಿ. ಚೌಕ ವಾಲುತ್ತದೆ, ಹಗ್ಗ ಸಡಿಲಾದ ಹೊರಸು ಒಂದು ಕಡೆಗೆ ಓಲುವ ಹಾಗೆ. ತುಂಡುಗಳ ಉದ್ದ ಕೂದಲೆಳೆಯಷ್ಟೂ ಬದಲಾಗಿಲ್ಲ. ಆದರೆ ಒಳಗಿನ ಜಾಗ ಕಡಿಮೆಯಾಗುತ್ತ ಹೋಗುತ್ತದೆ. ಪೂರ್ತಿ ತಳ್ಳಿದರೆ ನಾಲ್ಕೂ ತುಂಡು ಒಂದರ ಮೇಲೊಂದು ಮಲಗಿ ಒಳಗೆ ಏನೂ ಉಳಿಯುವುದಿಲ್ಲ. ಇದನ್ನೇ ಮೂರು ತುಂಡಿನಿಂದ ಮಾಡಿ ನೋಡಿದರೆ ತ್ರಿಕೋನ ಜಗ್ಗುವುದಿಲ್ಲ. ಮೂರು ಬಾಹು ಗೊತ್ತಾದರೆ ತ್ರಿಕೋನ ನಿಶ್ಚಯವಾಯಿತು. ನಾಲ್ಕು ಬಾಹು ಗೊತ್ತಾದರೂ ಚತುರ್ಭುಜ ನಿಶ್ಚಯವಾಗುವುದಿಲ್ಲ. ಪಾಠದ ತಿರುಳು ಇದು.

ಇದನ್ನೇ ಹೊಲಕ್ಕೆ ತಂದು ನೋಡಿ. ನಾಲ್ಕೂ ಬದು 13 ಸರಪಳಿ ಇರುವ ಎರಡು ಹೊಲಗಳಿವೆ ಎನ್ನಿ. ಮೊದಲನೆಯದರ ಮೂಲೆಗಳೆಲ್ಲ ಲಂಬಕೋನ, ಅದು ಚೌಕ. 13 ಹದಿಮೂರ್ಲೆ 169 ಗುಂಟೆ, ಅಂದರೆ 4 ಎಕರೆ 9 ಗುಂಟೆ. ಎರಡನೆಯದು ವಾಲಿದೆ. ಅದರ ಒಂದು ಕರ್ಣ, ಅಂದರೆ ಮೂಲೆಯಿಂದ ಎದುರು ಮೂಲೆಗೆ ಇರುವ ದೂರ 24 ಸರಪಳಿ; ಇನ್ನೊಂದು ಕರ್ಣ 10 ಸರಪಳಿ. ಇಂಥ ಆಕೃತಿಗೆ ವಜ್ರಾಕೃತಿ ಎಂದು ಹೆಸರು. ಅದರ ವಿಸ್ತೀರ್ಣ ಎರಡು ಕರ್ಣಗಳ ಗುಣಲಬ್ಧದ ಅರ್ಧ. 24ನ್ನು 10ರಿಂದ ಗುಣಿಸಿ ಅರ್ಧ ಮಾಡಿದರೆ 120 ಗುಂಟೆ, ಸರಿಯಾಗಿ 3 ಎಕರೆ.

ಸುತ್ತ ಬೇಲಿ ಹಾಕಿದರೆ ಎರಡಕ್ಕೂ ಒಂದೇ ಉದ್ದದ ತಂತಿ ಬೇಕು. ಬದುವಿನ ಮೇಲೆ ಸುತ್ತು ಹಾಕಿದರೆ ಒಂದೇ ಸಂಖ್ಯೆಯ ಹೆಜ್ಜೆ. ಆದರೆ ಒಳಗಿನ ಭೂಮಿಯಲ್ಲಿ 1 ಎಕರೆ 9 ಗುಂಟೆ ವ್ಯತ್ಯಾಸ! ‘ನಾಲ್ಕೂ ಕಡೆ ಸಮ ಐತಿ’ ಎಂಬ ಮಾತನ್ನು ನಂಬಿ ಚೌಕದ ದುಡ್ಡು ಕೊಟ್ಟವನಿಗೆ ಆಗುವ ನಷ್ಟ ಅಷ್ಟು.

ಹೆಸರು ತಿಳಿದರೆ ಅಳತೆ ಉಳಿತಾಯ

ಶಾಲೆಯಲ್ಲಿ ಚತುರ್ಭುಜದ ಹೆಸರುಗಳನ್ನು ಹುಡುಗರು ಊರಿನ ಹೆಸರುಗಳಂತೆ ಕಂಠಪಾಠ ಮಾಡುತ್ತಾರೆ. ಯಾಕೆ ಇಷ್ಟು ಹೆಸರು ಎಂದು ಕೇಳುವವರು ಕಡಿಮೆ. ಪ್ರತಿ ಹೆಸರೂ ಒಂದು ಭರವಸೆ. ಆಕೃತಿಗೆ ಆ ಹೆಸರು ನಿಜವಾಗಿ ಸಲ್ಲುವುದಾದರೆ ಕೆಲವು ಅಳತೆಗಳನ್ನು ಬಿಟ್ಟುಬಿಡಬಹುದು ಎಂಬ ಭರವಸೆ.

ಎದುರು ಬದುರಿನ ಒಂದು ಜೋಡಿ ಬಾಹುಗಳು ಸಮಾಂತರವಾಗಿದ್ದರೆ ಅದು ತ್ರಾಪಿಜ್ಯ. ಆ ಎರಡು ಬಾಹುಗಳ ಉದ್ದ, ಅವುಗಳ ನಡುವಿನ ನೇರ ಅಂತರ, ಹೀಗೆ ಮೂರು ಅಳತೆ ಸಾಕು. ಎರಡೂ ಜೋಡಿ ಸಮಾಂತರವಾಗಿದ್ದರೆ ಸಮಾಂತರ ಚತುರ್ಭುಜ. ಒಂದು ಬಾಹು ಮತ್ತು ಅದರ ಎದುರು ಬಾಹುವಿಗೆ ಇರುವ ನೇರ ಅಂತರ, ಎರಡೇ ಅಳತೆ. ಅದರ ಒಂದು ಮೂಲೆ ಲಂಬಕೋನವಾದರೆ ಉಳಿದ ಮೂರೂ ತಾವಾಗಿಯೇ ಲಂಬಕೋನವಾಗಿ ಅದು ಆಯತವಾಗುತ್ತದೆ. ಉದ್ದ ಅಗಲ ಗೊತ್ತಾದರೆ ಮುಗಿಯಿತು. ಲಂಬಕೋನ ಇಲ್ಲದಿದ್ದರೂ ನಾಲ್ಕೂ ಬಾಹು ಸಮವಾದರೆ ವಜ್ರಾಕೃತಿ. ಓರೆಯಾಗಿ ಕೊಯ್ದ ಕೊಬ್ಬರಿ ವಡಿಯನ್ನು ನೆನೆಯಿರಿ. ಇಲ್ಲಿ ಬಾಹು ಅಳೆದರೆ ಸಾಲದು, ಎರಡೂ ಕರ್ಣ ಬೇಕು. ಅಕ್ಕಪಕ್ಕದ ಬಾಹುಗಳು ಜೋಡಿ ಜೋಡಿಯಾಗಿ ಸಮವಾಗಿದ್ದರೆ ಗಾಳಿಪಟ; ಅದಕ್ಕೂ ಎರಡು ಕರ್ಣವೇ ಅಳತೆ. ಎಲ್ಲ ಗುಣವೂ ಕೂಡಿದ್ದು ಚೌಕ. ಅದಕ್ಕೆ ಒಂದೇ ಅಳತೆ ಸಾಕು. ಯಾವ ಗುಣವೂ ಇಲ್ಲದ್ದು ವಿಷಮ ಚತುರ್ಭುಜ. ಅಲ್ಲಿ ಯಾವ ಉಳಿತಾಯವೂ ಇಲ್ಲ.

ಇಲ್ಲಿ ಮಕ್ಕಳು ಒಂದು ಪ್ರಶ್ನೆಗೆ ತಡವರಿಸುತ್ತಾರೆ. ಚೌಕ ಆಯತವೇ? ‘ಅಲ್ಲ, ಚೌಕ ಬೇರೆ ಆಯತ ಬೇರೆ’ ಎನ್ನುವವರೇ ಹೆಚ್ಚು. ಅವರನ್ನು ಗದರಿಸಬೇಕಾಗಿಲ್ಲ. ಕ್ರಿ.ಪೂ. 300ರ ಸುಮಾರಿನಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ತನ್ನ ವ್ಯಾಖ್ಯೆಗಳಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದ. ಈಗಿನ ಗಣಿತ ಹಾಗೆ ಮಾಡುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ತನ್ನದೇ ಗುಣ ಇದ್ದರೂ ಅದು ಮೆಣಸಿನಕಾಯಿಯೇ ತಾನೆ? ಹಾಗೆಯೇ ಚೌಕವು ವಿಶೇಷ ಗುಣವುಳ್ಳ ಆಯತ. ವಿಶೇಷ ಗುಣವುಳ್ಳ ವಜ್ರಾಕೃತಿಯೂ ಹೌದು. ಹೀಗೆ ಎಣಿಸುವುದರಿಂದ ಒಂದು ಲಾಭವಿದೆ. ಆಯತಕ್ಕೆ ಸಿದ್ಧಪಡಿಸಿದ್ದೆಲ್ಲ ಚೌಕಕ್ಕೂ ಸಲ್ಲುತ್ತದೆ, ಮತ್ತೆ ಸಾಧಿಸಬೇಕಾಗಿಲ್ಲ. ಆದರೆ ತಿರುಗುಮುರುಗು ಸಲ್ಲದು. ಚೌಕಕ್ಕೆ ನಿಜವಾದದ್ದು ಎಲ್ಲ ಆಯತಕ್ಕೂ ನಿಜವಲ್ಲ. ಹೊಲದ ಲೆಕ್ಕದಲ್ಲಿ ಆಗುವ ತಪ್ಪು ಇದೇ ಜಾತಿಯದು. ಆಯತಕ್ಕೆ ಸಲ್ಲುವ ಲೆಕ್ಕವನ್ನು ವಿಷಮ ಚತುರ್ಭುಜಕ್ಕೆ ಹಚ್ಚುವುದು.

ಬಡಿಗೇರರ ಪರೀಕ್ಷೆ

ಈ ಭೇದವನ್ನು ಪುಸ್ತಕ ಓದದೆಯೂ ಬಲ್ಲವರು ಊರಿನ ಬಡಿಗೇರರು. ಬಾಗಿಲ ಚೌಕಟ್ಟು ಜೋಡಿಸಿದ ಮೇಲೆ ಅವರು ನಾಲ್ಕು ಬದಿಯನ್ನಷ್ಟೇ ಅಳೆದು ಸುಮ್ಮನಾಗುವುದಿಲ್ಲ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿಯುತ್ತಾರೆ. ಎರಡು ಅಳತೆ ಸಮ ಬಂದರೆ ಚೌಕಟ್ಟು ನೆಟ್ಟಗಿದೆ. ಒಂದು ಹೆಚ್ಚು ಒಂದು ಕಡಿಮೆ ಬಂದರೆ ವಾಲಿದೆ. ಎದುರು ಬಾಹುಗಳು ಸಮವಾಗಿದ್ದು ಕರ್ಣಗಳೂ ಸಮವಾಗಿದ್ದರೆ ಮಾತ್ರ ಅದು ಆಯತ.

ಇಲ್ಲಿ ‘ಎದುರು ಬಾಹುಗಳು ಸಮವಾಗಿದ್ದು’ ಎಂಬ ಮಾತನ್ನು ಬಿಡುವಂತಿಲ್ಲ. ಕರ್ಣಗಳು ಸಮವಾಗಿದ್ದರೆ ಸಾಕು ಎಂದುಕೊಂಡರೆ ಮೋಸವಾದೀತು. ಎರಡು ಓರೆ ಬಾಹುಗಳು ಸಮವಾಗಿರುವ ತ್ರಾಪಿಜ್ಯಕ್ಕೂ ಕರ್ಣಗಳು ಸಮವೇ. ನಿಂತ ಬಕೆಟ್ಟನ್ನು ಪಕ್ಕದಿಂದ ನೋಡಿದಂತಿರುವ ಆಕೃತಿ ಅದು. ಹಾಗಾದರೆ ಗುರುತಿಸುವುದು ಹೇಗೆ? ಎರಡು ಕರ್ಣ ಎಳೆದು, ಅವು ಒಂದನ್ನೊಂದು ಎಲ್ಲಿ, ಹೇಗೆ ದಾಟುತ್ತವೆ ಎಂದು ನೋಡಬೇಕು. ಎರಡೂ ನಟ್ಟನಡುವೆ ದಾಟಿದರೆ ಸಮಾಂತರ ಚತುರ್ಭುಜ. ನಡುವೆ ದಾಟಿ ಉದ್ದವೂ ಸಮವಾದರೆ ಆಯತ. ನಡುವೆ ದಾಟಿ, ದಾಟುವಲ್ಲಿ ಲಂಬಕೋನವಾದರೆ ವಜ್ರಾಕೃತಿ. ಮೂರೂ ಕೂಡಿದರೆ ಚೌಕ. ಲಂಬವಾಗಿ ದಾಟಿ, ಒಂದು ಕರ್ಣ ಮಾತ್ರ ಇನ್ನೊಂದನ್ನು ಸರಿಯಾಗಿ ಅರ್ಧ ಮಾಡಿದರೆ ಗಾಳಿಪಟ. ನಾಲ್ಕು ಬಾಹು ಹೇಳದ ಗುಟ್ಟನ್ನು ಎರಡು ಕರ್ಣ ಹೇಳಿಬಿಡುತ್ತವೆ.

ರೈತನ ಕೈಯಲ್ಲೂ ಒಂದು ಪರೀಕ್ಷೆ ಇದೆ. ಒಂದು ಬದುವಿಗೆ ಸರಿಯಾಗಿ ಕೂರಿಗೆ ಹೂಡಿ ಸಾಲು ಸಾಲಾಗಿ ಎದುರು ಬದುವಿನವರೆಗೆ ಬಿತ್ತುತ್ತ ಹೋದಾಗ, ಕೊನೆಯ ಸಾಲು ಆ ಬದುವಿಗೆ ಸಮನಾಗಿ ಕೂತರೆ ಎರಡು ಬದು ಸಮಾಂತರ. ಒಂದು ಮೂಲೆಯಲ್ಲಿ ತ್ರಿಕೋನದಂಥ ತುಂಡು ಉಳಿದು ಅಲ್ಲಿ ಗಿಡ್ಡ ಸಾಲು ಹಾಕಬೇಕಾದರೆ ಅವು ಸಮಾಂತರವಲ್ಲ. ಕೂರಿಗೆ ಆಗಲೇ ಹೊಲದ ಜಾತಿ ಹೇಳಿಬಿಟ್ಟಿರುತ್ತದೆ. ಲೆಕ್ಕ ಹಾಕುವಾಗ ಅದನ್ನು ನೆನೆಯುವವರು ಕಡಿಮೆ.

ಹಳೆಯ ಜಗಳ

ಎದುರು ಬಾಹುಗಳನ್ನು ಕೂಡಿಸಿ ಅರ್ಧ ಮಾಡಿ ಗುಣಿಸುವ ಲೆಕ್ಕ ಕುಂದಗೋಳ ಸೀಮೆಯ ಹಿರಿಯರು ಕಂಡುಹಿಡಿದದ್ದೇನಲ್ಲ. ಈಜಿಪ್ಟಿನ ಎಡ್ಫು ದೇವಾಲಯದ ಗೋಡೆಗಳ ಮೇಲೆ ದೇವರ ಹೊಲಗಳ ಕ್ಷೇತ್ರವನ್ನು ಎರಡು ಸಾವಿರ ವರ್ಷಗಳ ಹಿಂದೆ ಇದೇ ರೀತಿ ಲೆಕ್ಕ ಹಾಕಿ ಕೆತ್ತಿದ್ದಾರೆ. ಭಾರತದಲ್ಲಿ ಬ್ರಹ್ಮಗುಪ್ತ 628ರಲ್ಲಿ ಬರೆದ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಇದನ್ನು ಕೊಟ್ಟಿದ್ದಾನೆ. ಆದರೆ ಇದು ಸ್ಥೂಲ ಲೆಕ್ಕ ಎಂದು ಎಚ್ಚರಿಸಿ, ಪಕ್ಕದಲ್ಲೇ ಸೂಕ್ಷ್ಮ ಲೆಕ್ಕವನ್ನೂ ಇಟ್ಟಿದ್ದಾನೆ. ನಾಲ್ಕು ಬಾಹುಗಳ ಮೊತ್ತದ ಅರ್ಧದಿಂದ ಒಂದೊಂದು ಬಾಹುವನ್ನೂ ಕಳೆದು, ಬಂದ ನಾಲ್ಕು ಶೇಷಗಳನ್ನು ಗುಣಿಸಿ ವರ್ಗಮೂಲ ತೆಗೆಯುವ ಲೆಕ್ಕ ಅದು.

ಕನ್ನಡ ನಾಡಿನ ಗಣಿತಜ್ಞ ಮಹಾವೀರಾಚಾರ್ಯ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವನು. 850ರ ಸುಮಾರಿಗೆ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅವನೂ ಕ್ಷೇತ್ರದ ಲೆಕ್ಕವನ್ನು ವ್ಯಾವಹಾರಿಕ ಮತ್ತು ಸೂಕ್ಷ್ಮ ಎಂದು ಎರಡು ಮಾಡಿದ. ಚತುರ್ಭುಜಗಳಲ್ಲಿ ಐದು ಬಗೆ ಎಣಿಸಿದ: ನಾಲ್ಕೂ ಬಾಹು ಸಮವಾದ ಸಮ, ಎರಡೆರಡು ಸಮವಾದ ದ್ವಿದ್ವಿಸಮ, ಎರಡು ಸಮವಾದ ದ್ವಿಸಮ, ಮೂರು ಸಮವಾದ ತ್ರಿಸಮ, ಯಾವುದೂ ಸಮವಲ್ಲದ ವಿಷಮ. 12ನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ಕ್ಷೇತ್ರಗಣಿತ’ ರಚಿಸಿದ. ಭೂಮಿಯ ಲೆಕ್ಕ ಈ ನೆಲದಲ್ಲಿ ಅಷ್ಟು ಹಳೆಯ ವಿದ್ಯೆ.

1150ರಲ್ಲಿ ‘ಲೀಲಾವತಿ’ ಬರೆದ ಭಾಸ್ಕರಾಚಾರ್ಯ ಮಾತ್ರ ಇಲ್ಲಿ ಸಿಟ್ಟಾಗಿದ್ದಾನೆ. ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ, ನಾಲ್ಕು ಬಾಹು ಮಾತ್ರ ಕೊಟ್ಟು ಚತುರ್ಭುಜದ ಕ್ಷೇತ್ರ ಕೇಳುವವನನ್ನು ಪಿಶಾಚಿಗೆ ಹೋಲಿಸಿ, ಅಂಥ ಪ್ರಶ್ನೆಗೆ ಉತ್ತರ ಹೇಳಲು ಹೊರಟವನು ಇನ್ನೂ ದೊಡ್ಡ ಪಿಶಾಚಿ ಎಂದು ಬೈದುಬಿಡುತ್ತಾನೆ! ಕಾರಣವನ್ನೂ ಕೊಡುತ್ತಾನೆ. ಎದುರು ಮೂಲೆಗಳೆರಡನ್ನು ಒಳಕ್ಕೆ ಒತ್ತಿದರೆ ಒಂದು ಕರ್ಣ ಕುಗ್ಗಿ ಇನ್ನೊಂದು ಹಿಗ್ಗುತ್ತದೆ. ಬಾಹುಗಳು ಅವೇ ಇದ್ದರೂ ಕ್ಷೇತ್ರ ಬೇರೆಯಾಗುತ್ತದೆ. ಜೋಳದ ದಂಟಿನ ಪರೀಕ್ಷೆ ಹೇಳಿದ್ದೂ ಇದನ್ನೇ.

ಬ್ರಹ್ಮಗುಪ್ತನ ಸೂಕ್ಷ್ಮ ಲೆಕ್ಕ ತಪ್ಪೇ ಹಾಗಾದರೆ? ತಪ್ಪಲ್ಲ, ಅದಕ್ಕೊಂದು ಎಲ್ಲೆ ಇದೆ. ಚತುರ್ಭುಜದ ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲೆ ಕೂರುವಂತಿದ್ದರೆ ಅದು ಪೂರ್ತಿ ಸರಿ. ಇಲ್ಲದಿದ್ದರೆ ಅದೂ ಹೆಚ್ಚಿಗೆ ತೋರಿಸುತ್ತದೆ. 13 ಸರಪಳಿಯ ವಾಲಿದ ಹೊಲಕ್ಕೆ ಹಚ್ಚಿ ನೋಡಿ: ಮೊತ್ತದ ಅರ್ಧ 26, ನಾಲ್ಕು ಶೇಷವೂ 13, ಉತ್ತರ 169. ಇರುವುದು 120.

ಹದಿನೈದು ಗುಂಟೆಯ ಗುಟ್ಟು

ಈಗ ಕುಬಿಹಾಳದ ಹೊಲಕ್ಕೆ ಮರಳಬಹುದು. ಕಾಕಾ ಮತ್ತು ಹುಡುಗನ ಮಾತು ಬಿಸಿಯಾಗುತ್ತಿದ್ದಾಗ, ಬುತ್ತಿ ತಂದಿದ್ದ ಕಾಕಾನ ಮಗಳು, ಎಂಟನೆಯ ಇಯತ್ತೆಯವಳು, ಬದುವಿನ ಮೇಲೆ ಕೂತು ಕೇಳುತ್ತಿದ್ದಳು.

“ಅಪ್ಪಾ, ಮೂಲಿಯಿಂದ ಮೂಲಿಗೆ ಹಿಡದೀರೇನು?”

“ಯಾಕವ್ವಾ, ನಾಕೂ ಕಡೆ ಹಿಡದಮ್ಯಾಲೆ ಮೂಲಿದೇನ ಕೆಲಸ?”

“ಒಮ್ಮೆ ಹಿಡೀರಲ್ಲ.”

ವಾಯವ್ಯದ ಗೂಟದಿಂದ ಆಗ್ನೇಯದ ಗೂಟಕ್ಕೆ ಹಗ್ಗ ಎಳೆದರು. 21 ಹಗ್ಗ ಬಂತು. ಈ ಗೆರೆ ಹೊಲವನ್ನು ಎರಡು ತ್ರಿಕೋನ ಮಾಡಿತು. ಇನ್ನು ಬೇಕಾದದ್ದು ಉಳಿದೆರಡು ಮೂಲೆಗಳಿಂದ ಈ ಗೆರೆಗೆ ಇರುವ ಲಂಬ ದೂರ. ಅದಕ್ಕೆ ಉಪಕರಣ ಬೇಕೆಂದಿಲ್ಲ. ಮೂಲೆಯ ಗೂಟಕ್ಕೆ ಹಗ್ಗ ಕಟ್ಟಿ, ಕರ್ಣದ ಗೆರೆಯ ಮೇಲೆ ಆಚೆ ಈಚೆ ಸರಿದಾಡಿ ನೋಡಿದರೆ ಯಾವ ಜಾಗದಲ್ಲಿ ಹಗ್ಗ ಅತಿ ಗಿಡ್ಡವಾಗಿ ತಾಗುತ್ತದೆಯೋ ಅದೇ ಲಂಬ. ಈಶಾನ್ಯದ ಮೂಲೆಯಿಂದ 8 ಹಗ್ಗ, ನೈರುತ್ಯದ ಮೂಲೆಯಿಂದ 12 ಹಗ್ಗ ಬಂತು.

ತ್ರಿಕೋನದ ಕ್ಷೇತ್ರ ಪಾದ ಮತ್ತು ಎತ್ತರದ ಗುಣಲಬ್ಧದ ಅರ್ಧ. 21 ಎಂಟ್ಲೆ 168, ಅರ್ಧ 84. 21 ಹನ್ನೆರಡ್ಲೆ 252, ಅರ್ಧ 126. ಎರಡೂ ಕೂಡಿ 210 ಗುಂಟೆ, ಅಂದರೆ 5 ಎಕರೆ 10 ಗುಂಟೆ. ಬೀಜದ ಲೆಕ್ಕ ಹೇಳಿದ ಹುಡುಗನ ಮಾತು ನಿಜವಾಗಿತ್ತು.

ಉಳಿದ 15 ಗುಂಟೆ ಎಲ್ಲಿಂದ ಬಂದಿತ್ತು? ಎರಡು ಬಾಹುಗಳ ನಡುವಿನ ತ್ರಿಕೋನ ಅತಿ ದೊಡ್ಡದಾಗುವುದು ಅವೆರಡೂ ಲಂಬಕೋನದಲ್ಲಿ ಕೂಡಿದಾಗ. ಮೂಲೆ ಮುಚ್ಚಿದರೂ ಕಡಿಮೆ, ಹೆಚ್ಚು ತೆರೆದರೂ ಕಡಿಮೆ. ರೂಢಿಯ ಲೆಕ್ಕ ನಾಲ್ಕೂ ಮೂಲೆ ಲಂಬಕೋನ ಎಂದು ಸದ್ದಿಲ್ಲದೆ ಊಹಿಸಿಕೊಂಡುಬಿಡುತ್ತದೆ. ಹಾಗೆ ಊಹಿಸಿದರೆ ಈಶಾನ್ಯದ ಮೂಲೆಗೆ 10 ಮತ್ತು 17ರ ಗುಣಲಬ್ಧದ ಅರ್ಧ 85, ನೈರುತ್ಯದ ಮೂಲೆಗೆ 20 ಮತ್ತು 13ರದು 130, ಒಟ್ಟು 215. ಇನ್ನೊಂದು ಕರ್ಣ ಹಿಡಿದು ವಾಯವ್ಯ, ಆಗ್ನೇಯ ಮೂಲೆಗಳನ್ನು ಹಾಗೆಯೇ ಲೆಕ್ಕ ಹಾಕಿದರೆ 65 ಮತ್ತು 170, ಒಟ್ಟು 235. ಇವೆರಡರ ಸರಾಸರಿಯೇ ಆ 225! ಎರಡು ಅತಿ ದೊಡ್ಡ ಊಹೆಗಳ ಸರಾಸರಿಯಾದ್ದರಿಂದ ಈ ಲೆಕ್ಕ ನಿಜಕ್ಕಿಂತ ಕಡಿಮೆ ತೋರಿಸುವುದು ಸಾಧ್ಯವೇ ಇಲ್ಲ. ಆಯತವಾದರೆ ಸರಿ, ಉಳಿದ ಯಾವ ಆಕೃತಿಗಾದರೂ ಹೆಚ್ಚು. ತಪ್ಪು ಯಾವಾಗಲೂ ಕೊಡುವವನ ಕಡೆಗೇ ವಾಲುತ್ತದೆ. ಕೊಳ್ಳುವವನ ಕಡೆಗೆ ಎಂದೂ ವಾಲುವುದಿಲ್ಲ. ಕೊಡುವವನು ಮೋಸಗಾರನಾಗಿರಬೇಕೆಂದಿಲ್ಲ, ಲೆಕ್ಕವೇ ಅವನ ಪರವಾಗಿ ಮೋಸ ಮಾಡುತ್ತದೆ.

ಲಂಬ ಅಳೆಯುವುದು ಕಷ್ಟವೆನಿಸಿದರೆ ಕರ್ಣವೊಂದೇ ಸಾಕು. ಮೂರು ಬಾಹು ಗೊತ್ತಿರುವ ತ್ರಿಕೋನಕ್ಕೆ ಮೊತ್ತದ ಅರ್ಧ ತೆಗೆದು, ಅದರಿಂದ ಒಂದೊಂದು ಬಾಹುವನ್ನೂ ಕಳೆದು, ಆ ನಾಲ್ಕೂ ಸಂಖ್ಯೆ ಗುಣಿಸಿ ವರ್ಗಮೂಲ ತೆಗೆದರೆ ಕ್ಷೇತ್ರ ಬರುತ್ತದೆ. 10, 17, 21ರ ತ್ರಿಕೋನಕ್ಕೆ ಮೊತ್ತದ ಅರ್ಧ 24, 24, 14, 7, 3 ಗುಣಿಸಿದರೆ 7,056, ವರ್ಗಮೂಲ 84. ಕಿಸೆಯಲ್ಲಿರುವ ಮೊಬೈಲು ಅರೆಕ್ಷಣದಲ್ಲಿ ಮಾಡುವ ಕೆಲಸ. ನಾಲ್ಕು ಅಳತೆಗೆ ಐದನೆಯದೊಂದು ಕೂಡಿದರೆ ಹೊಲ ನಿಶ್ಚಯವಾಯಿತು.

ಅಣ್ಣತಮ್ಮಂದಿರ ಪಾಲು

ಲಾವಣಿ ಒಂದು ವರ್ಷದ ಮಾತು. ಪಾಲು ತಲೆಮಾರಿನ ಮಾತು. ಎರಡು ಬದು ಸಮಾಂತರವಾಗಿರುವ ತ್ರಾಪಿಜ್ಯದ ಹೊಲ ಒಂದಿದೆ ಎನ್ನಿ. ಮೇಲಿನ ಬದು 8 ಸರಪಳಿ, ಕೆಳಗಿನದು 14, ಓರೆ ಬದುಗಳು ಐದೈದು, ನಡುವಿನ ನೇರ ಅಂತರ 4. ಸಮಾಂತರ ಬದುಗಳ ಸರಾಸರಿ 11ನ್ನು 4ರಿಂದ ಗುಣಿಸಿದರೆ 44 ಗುಂಟೆ. ಇಬ್ಬರಿಗೆ 22 ಮತ್ತು 22 ಆಗಬೇಕು.

ಓರೆ ಬದುಗಳೆರಡರ ನಡು ಗುರುತಿಸಿ ಅಡ್ಡ ಗೆರೆ ಎಳೆದರೆ ಕಣ್ಣಿಗೆ ಸರಿಯಾದ ಪಾಲಿನಂತೆಯೇ ಕಾಣುತ್ತದೆ. ಆದರೆ ಮೇಲಿನವನಿಗೆ 19 ಗುಂಟೆ, ಕೆಳಗಿನವನಿಗೆ 25. ಮೂಲೆಯಿಂದ ಮೂಲೆಗೆ ಎಳೆದರೆ ಇನ್ನೂ ಕೆಟ್ಟಿತು: 16 ಮತ್ತು 28. ಮೇಲಿನ ಬದುವಿನ ನಡುವಿನಿಂದ ಕೆಳಗಿನ ಬದುವಿನ ನಡುವಿಗೆ ಎಳೆದರೆ ಮಾತ್ರ ಇಪ್ಪತ್ತೆರಡು ಇಪ್ಪತ್ತೆರಡು. ಇದೇ ಹೊಲ ಸಮಾಂತರ ಚತುರ್ಭುಜವಾಗಿದ್ದರೆ ಮೂರರಲ್ಲಿ ಯಾವ ಗೆರೆ ಎಳೆದರೂ ಸಮಪಾಲೇ ಆಗುತ್ತಿತ್ತು. ವಿಷಮ ಚತುರ್ಭುಜವಾಗಿದ್ದರೆ ಇವುಗಳಲ್ಲಿ ಯಾವುದನ್ನೂ ನಂಬುವಂತಿರಲಿಲ್ಲ. ಆಕೃತಿಯ ಹೆಸರು ಗೊತ್ತಿಲ್ಲದೆ ಗೆರೆ ಎಳೆದರೆ ಆ ಗೆರೆಯ ಮೇಲೆ ಮುಂದೆ ಬದು ಏಳುತ್ತದೆ, ಬದುವಿನ ಮೇಲೆ ಜಗಳ ಏಳುತ್ತದೆ. ಪಾಲಿಗೆ ಬಂದದ್ದು ಪಂಚಾಮೃತ ಎನ್ನುವ ಮೊದಲು ಪಾಲನ್ನು ಅಳೆಯಬೇಕು.

ಸರಕಾರಿ ಮೋಜಣಿ ಈ ತಪ್ಪಿಗೆ ಎಡೆ ಕೊಡದಂತೆ ಹಿಂದೆಯೇ ಏರ್ಪಾಡಾಗಿತ್ತು. 1840ರ ದಶಕದಲ್ಲಿ ಕ್ಯಾಪ್ಟನ್ ವಿಂಗೇಟ್ ಧಾರವಾಡ ಸೀಮೆಯ ಕಂದಾಯ ಮೋಜಣಿಯ ಮೇಲ್ವಿಚಾರಕನಾಗಿದ್ದ. ಮುಂಬಯಿ ಪ್ರಾಂತದ ಮೋಜಣಿಗೆ ಅಡಿಪಾಯ ಹಾಕಿದ ಸಂಯುಕ್ತ ವರದಿ ಬಂದದ್ದು 1847ರಲ್ಲಿ. ಹೊಲದ ನಡುವೆ ಒಂದು ಉದ್ದ ಗೆರೆ ಹಿಡಿದು, ಎರಡೂ ಕಡೆಯ ಮೂಲೆಗಳಿಗೆ ಕ್ರಾಸ್‌ಸ್ಟಾಫ್ ಎಂಬ ಉಪಕರಣದಿಂದ ಲಂಬ ತೆಗೆದು, ಇಡೀ ಹೊಲವನ್ನು ತ್ರಿಕೋನ ಮತ್ತು ತ್ರಾಪಿಜ್ಯಗಳಾಗಿ ಒಡೆದು ಕೂಡಿಸುವುದು ಮೋಜಣಿದಾರರ ಪದ್ಧತಿ. ಟಿಪ್ಪಣಿಯ ನಕಲು ತೆಗೆಸಿ ನೋಡಿದರೆ ಕಾಣುವ ಗೆರೆಗಳೂ ಅಂಕಿಗಳೂ ಇವೇ. ಈಗ ಉಪಗ್ರಹದ ಸಂಕೇತ ಹಿಡಿಯುವ ರೋವರ್‌ಗಳು ಬಂದಿವೆ. ಅವು ಬದುವಿನ ಉದ್ದ ನೋಡುವುದಿಲ್ಲ, ಮೂಲೆಗಳ ಸ್ಥಾನವನ್ನೇ ಗುರುತಿಸುತ್ತವೆ. ಮೂಲೆಗಳು ಎಲ್ಲಿವೆ ಎಂದು ಗೊತ್ತಾದರೆ ಕರ್ಣವೂ ಗೊತ್ತಾದಂತೆಯೇ. ಉಪಕರಣ ಬದಲಾಗಿದೆ, ಸತ್ಯ ಅದೇ.

ಖರೀದಿ, ಪೋಡಿ, ಹದ್ದುಬಸ್ತಿನ ವಿಷಯದಲ್ಲಿ ಕಾಯಿದೆಗೆ ನಿಲ್ಲುವುದು ಮೋಜಣಿದಾರರ ನಕ್ಷೆಯೇ ಹೊರತು ಕಟ್ಟೆಯ ಮೇಲಿನ ಲೆಕ್ಕವಲ್ಲ. ಆದರೆ ನಕ್ಷೆ ಕೈಗೆ ಬಂದಾಗ ಅದನ್ನು ಓದಲು, ಬರುವ ಮೊದಲು ಕಣ್ಣುಮುಚ್ಚಿ ಒಪ್ಪದಿರಲು ಎಂಟನೆಯ ಇಯತ್ತೆಯ ಆ ಪಾಠ ಸಾಕು.

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಗಳು ನೆಲದ ಮೇಲೆ ಕಡ್ಡಿಯಿಂದ ಬರೆದ 84 ಮತ್ತು 126ನ್ನು ಎರಡು ಸಲ ಕೂಡಿಸಿ ನೋಡಿದ. ಹದಿನೈದು ಗುಂಟೆಯ ಲಾವಣಿ ಪ್ರತಿ ವರ್ಷ ಕೈಬಿಟ್ಟು ಹೋಗುವ ಲೆಕ್ಕ ಅದು. ಆಮೇಲೆ ಹಗ್ಗವನ್ನು ಮೊಣಕೈಗೆ ಸುತ್ತುತ್ತ ಎದ್ದ.

“ಐದ ಎಕರೆ ಹತ್ತ ಗುಂಟೆ ಅಂತನ ಬರಕೋ ತಮ್ಮಾ” ಎಂದ. ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತು ಮಗಳನ್ನು ಕರೆದ. “ಬಾರವ್ವಾ, ಆ ಹಳ್ಳದ ದಂಡಿ ಹೊಲಾನೂ ಒಮ್ಮೆ ಅಳದ ಬಿಡೂಣು. ಹೋದ ವರ್ಷ ಅದನ್ನ ನಾ ಹಿಡದದ್ದೂ ಇದ ಲೆಕ್ಕಾದಾಗ.”